ನರ್ಸಮ್ಮನ ಒಣ ಗಂಟು

ನರ್ಸಮ್ಮನ ಎಡಭುಜ ಬಲಭುಜಕ್ಕಿಂತ ಎರಡು ಬೆರಳು ತಗ್ಗಿತ್ತು. ಎಮ್ಮೆದೊಡ್ಡಿ ಕಾವಲಿನ ಹುಲ್ಲುಗಾವಲ ಸುತ್ತ, ಸರ್ಕಾರಿ ನರ್ಸಾಗಿ ಸರ್ವೀಸು ಪೂರ್ತಿ ಔಷಧಿ ಚೀಲ ನೇತುಹಾಕಿಕೊಂಡು ಹಟ್ಟಿಯಿಂದ ಹಟ್ಟಿಗೆ ನಡೆದದ್ದರ ಗುರುತು ಅದು. ಸೆರಗು ಆ ಕಡೆಯಿಂದ ಜಾರುತ್ತಲೇ ಇರುತ್ತಿದ್ದುದರಿಂದ ದೊಡ್ಡದೊಂದು ಪಿನ್ನು ಚುಚ್ಚಿಕೊಂಡಿರುತ್ತಿದ್ದರು. ಕೂತಾಗಲೂ ಎದ್ದು ಹೊರಟವರ ಹಾಗೆ ಕಾಣುತ್ತಿದ್ದರು.

ರಿಟೈರಾಗಿ ಅವರು ಕಡೂರಿನಲ್ಲಿ ನಮ್ಮ ಪಕ್ಕದ ಮನೆಗೆ ಬಂದಾಗ ನನ್ನ ಮಗಳು ಇನ್ನೂ ಪ್ರೈಮರಿಯಲ್ಲಿದ್ದಳು. ಅವರನ್ನು ಅಜ್ಜಿ ಎಂದಳು, ಅವರು ಇವಳನ್ನು ಪುಟ್ಟಿ ಎಂದರು, ಅಲ್ಲಿಗೆ ನೆಂಟಸ್ತನ ಕುದುರಿತು. ನನ್ನದು ಮೋಟಾರ್ ರಿವೈಂಡಿಂಗ್ ಅಂಗಡಿ. ಬೋರ್‌ವೆಲ್ಲಿನಿಂದ ಸುಟ್ಟು ಮೇಲೆ ಬಂದ ಮೋಟಾರುಗಳನ್ನು ಎತ್ತಿ ಇಳಿಸಿ ನನ್ನ ಎರಡೂ ಭುಜ ಕಲ್ಲಿನಂತಾಗಿದ್ದವು. ಭಾರದ ವಿಷಯದಲ್ಲಿ ನನಗೆ ಯಾರೂ ಪಾಠ ಹೇಳಬೇಕಾಗಿಲ್ಲ ಎಂಬ ಜಂಭ ಬೇರೆ.

ಮಗಳು ಪಿಯುಸಿಗೆ ಬಂದ ವರ್ಷ ಅವಳಿಗೆ ಬೆಟ್ಟದ ಹುಚ್ಚು ಹತ್ತಿತು. ನನಗೂ ಡಾಕ್ಟರು ನಡೆಯಿರಿ ಎಂದಿದ್ದರು. ತರೀಕೆರೆಯಲ್ಲಿ ಬಸ್ಸು ಬದಲಿಸಿ ಕಲ್ಲತ್ತಿಗಿರಿ ಕಡೆಯ ಬೆಟ್ಟ ಹತ್ತುವುದು, ಅತ್ತ ಇಳಿದು ಪರಿಚಯದವರ ಎಸ್ಟೇಟಿನಲ್ಲಿ ಡೇರೆ ಹಾಕಿ ಮಲಗುವುದು ಎಂದು ಅಪ್ಪ ಮಗಳು ಸೇರಿ ಪ್ಲಾನು ಹಾಕಿದೆವು. ಆನ್‌ಲೈನಿನಲ್ಲಿ ಡೇರೆ, ರೇನ್‌ಕೋಟು, ದೊಡ್ಡ ಬೆನ್ನುಚೀಲ ಎಲ್ಲ ತರಿಸಿದೆ. ಹೊರಡುವ ಹಿಂದಿನ ದಿನ ಚೀಲ ತುಂಬಿ ಜಗುಲಿಯ ಮೇಲಿಟ್ಟಿದ್ದೆ. ನರ್ಸಮ್ಮ ಬಂದವರು ಅದರ ಪಟ್ಟಿಗೆ ಒಂದೇ ಬೆರಳು ಹಾಕಿ ಎತ್ತಲು ನೋಡಿದರು. ಅದು ಮಿಸುಕಲಿಲ್ಲ.

“ಏನಪ್ಪಾ, ಇದ್ರಲ್ಲಿ ಮೋಟ್ರು ಇಟ್ಟಿದ್ಯಾ?”

“ನಾನು ಹೊರ್ತೀನಿ ಬಿಡಿ ನರ್ಸಮ್ಮ, ನಂಗೇನು ಭಾರ?”

“ಇಲ್ಲಿ ಹೊರ್ತೀಯ ಕಣಪ್ಪ. ನೆಂದ ಮೇಲೆ ಹೊರ್ತೀಯಾ?”

ಚಾಪೆ ಹಾಸಿಸಿ ಎಲ್ಲವನ್ನೂ ಹೊರಗೆ ಸುರಿಸಿದರು. ಒಂದೊಂದು ಸಾಮಾನನ್ನೂ ಎತ್ತಿ ಹಿಡಿದು ಅದೇ ಪ್ರಶ್ನೆ: “ಇದು ಮಳೆಗೋ, ಚಳಿಗೋ, ಹಸಿವಿಗೋ?” ಉತ್ತರ ಸಿಕ್ಕರೆ ಚಾಪೆಯ ಮೇಲೆ, ಇಲ್ಲದಿದ್ದರೆ ಮನೆಯೊಳಕ್ಕೆ. ನನ್ನ ಸ್ಟೀಲಿನ ಟಿಫಿನ್ ಕ್ಯಾರಿಯರ್ ಒಳಗೆ ಹೋಯಿತು. ಮಡಚುವ ಕುರ್ಚಿ ಹೋಯಿತು. ಕಂಬಳಿಗಾದರೂ ಮರ್ಯಾದೆ ಕೊಡುತ್ತಾರೆ ಅಂದುಕೊಂಡೆ. “ಕಂಬ್ಳಿ ಕುರಿ ಕಾಯೋನಿಗೆ. ಹತ್ತೋನಿಗಲ್ಲ” ಎಂದು ಅದನ್ನೂ ಒಳಗೆ ಕಳಿಸಿದರು. ಜೀನ್ಸ್ ಪ್ಯಾಂಟನ್ನಂತೂ ಎರಡು ಬೆರಳಿನಲ್ಲಿ, ಯಾವುದೋ ಸತ್ತದ್ದನ್ನು ಹಿಡಿದಂತೆ ಹಿಡಿದರು. ಕಾವಲಿನಲ್ಲಿದ್ದಾಗ ಅವರು ಮಳೆಗಾಲ ಪೂರ್ತಿ ನೈಲಾನ್ ಸೀರೆಯನ್ನೇ ಉಡುತ್ತಿದ್ದರಂತೆ. “ಹತ್ತಿ ಬಟ್ಟೆ ನೀರು ಕುಡಿದ್ರೆ ಬಿಡಾಕಿಲ್ಲ. ನೈಲಾನು ಮೈಮೇಲೇ ಒಣಗ್ತದೆ.”

ಆಮೇಲೆ ಮಗಳಿಗೆ ರೇನ್‌ಕೋಟು ತೊಡಿಸಿ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕೂರಿಸಿ, ತಲೆಯ ಮೇಲೆ ಚೊಂಬುಗಟ್ಟಲೆ ನೀರು ಹುಯ್ದರು. ಭುಜದ ಹೊಲಿಗೆಯಲ್ಲಿ ನೀರು ಇಳಿಯಿತು. ಅದನ್ನು ಒಣಗಿಸಿ ಹೊಲಿಗೆಯುದ್ದಕ್ಕೂ ಮೇಣದಬತ್ತಿ ತಿಕ್ಕಿ, ಮತ್ತೆ ಕೂರಿಸಿ ಮತ್ತೆ ಹುಯ್ದರು. ಇಳಿಯಲಿಲ್ಲ. ನನ್ನ ಸರದಿ ಬರುವ ಹೊತ್ತಿಗೆ ಅಂಗಡಿಯಲ್ಲಿ ಗಿರಾಕಿ ಕಾಯುತ್ತಿದ್ದಾನೆ ಎಂದು ಹೇಳಿ ನಾನು ಜಾಗ ಖಾಲಿ ಮಾಡಿದೆ. ನಲವತ್ತೈದು ದಾಟಿದ ಗಂಡಸು ಒಗೆಯುವ ಕಲ್ಲಿನ ಮೇಲೆ ರೇನ್‌ಕೋಟು ಹಾಕಿಕೊಂಡು ಕೂರುವುದನ್ನು ಬೀದಿಯೆಲ್ಲ ನೋಡಬೇಕೇ?

ಸಂಜೆ ಬಂದಾಗ ನರ್ಸಮ್ಮ ಎರಡು ಗಂಟು ಕಟ್ಟಿಟ್ಟಿದ್ದರು. ಒಂದು ನನಗೆ, ಒಂದು ಮಗಳಿಗೆ. ಒಳಗೆ ಉಣ್ಣೆ ಸ್ವೆಟರು, ತೆಳು ಪೈಜಾಮ, ಕಾಲುಚೀಲ, ಮಂಕಿ ಕ್ಯಾಪು. ಅದಕ್ಕೆ ಎರಡು ಪ್ಲಾಸ್ಟಿಕ್ ಕವರು, ಮೇಲೆ ಹಳೇ ಸೀರೆಯ ತುಂಡು. ಗಂಟು ಹಾಕುವ ರೀತಿಯೂ ಅವರದೇ. ಒಂದು ತುದಿ ಹಿಡಿದು ಎಳೆದರೆ ಬೆರಳು ಮರಗಟ್ಟಿದವರ ಕೈಯಲ್ಲೂ ಬಿಚ್ಚಿಕೊಳ್ಳಬೇಕು, ಅಲ್ಲಾಡಿಸಿದರೆ ಬಿಚ್ಚಬಾರದು.

“ಚಳಿ ಅಂತ ಬಿಚ್ಬೇಡಿ, ತಲೆದಿಂಬು ಬೇಕು ಅಂತ ಬಿಚ್ಬೇಡಿ. ಮೈ ಪೂರ್ತಿ ನೆಂದು, ನಡಿಯೋದು ನಿಂತ ಮೇಲೆ ಬಿಚ್ಚೋದು. ಅಲ್ಲೀಗಂಟ ಇದು ನಿಮ್ದಲ್ಲ.”

ಇಲ್ಲಿ ನನ್ನ ತಪ್ಪನ್ನು ಹೇಳಿಬಿಡುತ್ತೇನೆ. ನಾನೇ ಕೂತು ಜೋಡಿಸಿದ್ದ ಎಮರ್ಜೆನ್ಸಿ ಲ್ಯಾಂಪ್ ಒಂದಿತ್ತು. ಒಳಗೆ ಗಾಡಿಯ ಹಳೇ ಬ್ಯಾಟರಿ, ಸುತ್ತ ಕಬ್ಬಿಣದ ಡಬ್ಬಿ. ಎಸ್ಟೇಟಿನವರ ಎದುರು ಅದನ್ನು ಹಚ್ಚಿ ತೋರಿಸಬೇಕೆಂಬ ಆಸೆ. ಹೊರಡುವ ಬೆಳಿಗ್ಗೆ ನನ್ನ ಗಂಟನ್ನು ಮಂಚದ ಕೆಳಕ್ಕೆ ತಳ್ಳಿ, ಆ ಜಾಗಕ್ಕೆ ಲ್ಯಾಂಪನ್ನು ತುರುಕಿದೆ. ಜೀನ್ಸ್ ಪ್ಯಾಂಟನ್ನೇ ತೊಟ್ಟೆ. ಬಾಗಿಲಲ್ಲಿ ನಿಂತಿದ್ದ ನರ್ಸಮ್ಮನಿಗೆ ಚೀಲ ಮುಟ್ಟಲು ಅವಕಾಶ ಕೊಡದೆ, ಬಸ್ಸು ತಪ್ಪುತ್ತದೆ ಎಂದು ಓಡಿದೆ.

ಬೆಟ್ಟದ ನೆತ್ತಿ ತಲುಪುವಾಗ ಮಧ್ಯಾಹ್ನ ಮೂರು ಗಂಟೆ. ಮಳೆ ಅಡ್ಡಡ್ಡ ಬರುತ್ತಿತ್ತು, ಗಾಳಿ ನಿಲ್ಲಲು ಬಿಡುತ್ತಿರಲಿಲ್ಲ. ಭುಜದ ಹೊಲಿಗೆಯಿಂದ ಇಳಿದ ನೀರು ಬನಿಯನ್ನಿಗೆ, ಬನಿಯನ್ನಿನಿಂದ ಜೀನ್ಸಿಗೆ ಹೋಯಿತು. ಪ್ಯಾಂಟು ಒದ್ದೆ ಗೋಣಿಚೀಲದಂತೆ ಕಾಲಿಗೆ ಸುತ್ತಿಕೊಂಡಿತು. ಮೊದಲು ನಡುಕ ಬಂತು. ಸ್ವಲ್ಪ ಹೊತ್ತಿಗೆ ನಾಲಿಗೆ ತೊದಲಿತು. ಮಗಳು ಏನೋ ಕೇಳಿದರೆ ನಾನು ಇನ್ನೇನೋ ಹೇಳುತ್ತಿದ್ದೆನಂತೆ. ಒಂದು ಬಂಡೆ ಸಿಕ್ಕಿದ್ದೇ ಕೂತುಬಿಟ್ಟೆ. ಇಲ್ಲೇ ಸ್ವಲ್ಪ ಮಲಗುತ್ತೇನೆ ಎನಿಸಿತು, ಬಹಳ ಸುಖವಾಗಿ ಎನಿಸಿತು. ಅದನ್ನು ನೆನೆದರೆ ಈಗಲೂ ಹೆದರಿಕೆಯಾಗುತ್ತದೆ.

“ಅಪ್ಪ, ನಿನ್ ಗಂಟು ಎಲ್ಲಿ?” ಎಂದು ಮಗಳು ನನ್ನ ಚೀಲಕ್ಕೆ ಕೈಹಾಕಿದಳು. ಸಿಕ್ಕಿದ್ದು ಲ್ಯಾಂಪು. ಹಾಡುಹಗಲಿನಲ್ಲಿ ಅದನ್ನು ಕೈಯಲ್ಲಿ ಹಿಡಿದು ಒಂದು ಕ್ಷಣ ನನ್ನ ಮುಖ ನೋಡಿದಳು. ಲ್ಯಾಂಪನ್ನು ಪಕ್ಕಕ್ಕಿಟ್ಟಳು. ಬಂಡೆಯ ಮರೆಗೆ ನನ್ನನ್ನು ಎಳೆದುಕೊಂಡು, ತನ್ನ ಗಂಟಿನ ತುದಿ ಹಿಡಿದು ಎಳೆದಳು. ಗಂಟು ಬಿಚ್ಚಿಕೊಂಡಿತು. ನನ್ನ ಒದ್ದೆ ಬಟ್ಟೆ ತೆಗೆಸಿ ತನ್ನ ನೇರಳೆ ಬಣ್ಣದ ಸ್ವೆಟರು ತೊಡಿಸಿದಳು. ಎದೆಯ ಮೇಲೆ ಎರಡು ಗುಲಾಬಿ ಹೂವು ಇದ್ದ ಸ್ವೆಟರು. ತೋಳು ಮಣಿಕಟ್ಟಿನವರೆಗೂ ಬರುತ್ತಿರಲಿಲ್ಲ. ಪೈಜಾಮ ಏರಿಸಿ, ಮಂಕಿ ಕ್ಯಾಪು ಹಾಕಿ, ಡೇರೆಯ ಬಟ್ಟೆಯನ್ನು ಇಬ್ಬರ ಮೇಲೂ ಎಳೆದುಕೊಂಡು ನನ್ನನ್ನು ಅಪ್ಪಿ ಕೂತಳು. ನಡುಕ ಕಡಿಮೆಯಾದ ಮೇಲೆ ಕಡಲೆಬೀಜದ ಚಿಕ್ಕಿ ಮುರಿದು ಮುರಿದು ಬಾಯಿಗಿಟ್ಟಳು. ಬೆಲ್ಲದ ರುಚಿ ಗೊತ್ತಾದಾಗ ನಾನು ಅತ್ತೆ. ಅವಳ ತೆಳು ಅಂಗಿ ಹೊಲಿಗೆಗೆ ಮೇಣ ಹಚ್ಚಿದ ರೇನ್‌ಕೋಟಿನೊಳಗೆ ಬೆಚ್ಚಗೆ ಒಣಗಿಯೇ ಇತ್ತು.

ಬಂದ ದಾರಿಯಲ್ಲೇ ಇಳಿದು ಕಡೂರಿಗೆ ಹಿಂತಿರುಗಿದೆವು. ನರ್ಸಮ್ಮ ಗೇಟಿನಲ್ಲೇ ನಿಂತಿದ್ದರು. ಊಟ ಆಯ್ತಾ, ಬೆಟ್ಟ ಹೇಗಿತ್ತು, ಯಾವುದೂ ಇಲ್ಲ.

“ಗಂಟು ಬಿಚ್ಚಿದ್ರಾ?”

“ನಂದು ಬಿಚ್ಚಿದ್ವಿ ಅಜ್ಜಿ. ಅಪ್ಪಂಗೆ.”

ಅವರು ನನ್ನ ಕಡೆ ತಿರುಗಿದರು. ಮೈಮೇಲೆ ಇನ್ನೂ ಗುಲಾಬಿ ಹೂವಿನ ಸ್ವೆಟರಿತ್ತು. “ನಿಂದೆಲ್ಲಪ್ಪ?”

“ಮಂಚದ ಕೆಳಗಿದೆ ನರ್ಸಮ್ಮ.”

ಬೈಗುಳಕ್ಕೆ ತಯಾರಾಗಿ ನಿಂತಿದ್ದೆ. ಅವರು ನನ್ನ ಮಣಿಕಟ್ಟು ಹಿಡಿದು ನಾಡಿ ನೋಡಿದರು. ಉಗುರು ಒತ್ತಿ ನೋಡಿದರು. ಆಮೇಲೆ ನಮ್ಮ ಜಗುಲಿಯ ಮೆಟ್ಟಿಲ ಮೇಲೆ ಕುಸಿದು ಕೂತು, “ಸದ್ಯ” ಎಂದರು. ಅಷ್ಟೇ. ನಾನೂ ಪಕ್ಕದಲ್ಲಿ ಕೂತೆ.

ಕಾಫಿ ಕುಡಿಯುತ್ತಾ ಅವರು ಎಂದೂ ಹೇಳದಿದ್ದ ಒಂದು ವಿಷಯ ಹೇಳಿದರು. ಅಜ್ಜಂಪುರದ ತವರಿನಿಂದ ಬಂದು ಕೆಲಸಕ್ಕೆ ಸೇರಿದ ಹೊಸತು. ಸುರಿಯುವ ಮಳೆಯಲ್ಲಿ ಕಾವಲಿನ ಒಂದು ಗುಡಿಸಲಿಗೆ ಹೆರಿಗೆಗೆ ಹೋಗಿದ್ದರಂತೆ.

“ಚೀಲದಾಗೆ ಎಲ್ಲಾ ಇತ್ತು ಕಣಪ್ಪ. ರಿಜಿಸ್ಟ್ರು, ತಕ್ಕಡಿ, ಎರಡು ಥರ ಕತ್ರಿ. ಒಣಗಿದ್ದು ಒಂದು ಬಟ್ಟೆ ಇರ್ಲಿಲ್ಲ. ಗುಡ್ಸಲೆಲ್ಲಾ ಸೋರ್ತಿತ್ತು. ಕೂಸು ನೀಲಿಗಟ್ಟೋಕೆ ಶುರುವಾಯ್ತು. ತಾಯಿ ಎದೆಗೆ ಒತ್ತಿ ಇಟ್ಟೆ. ಅದ್ರಪ್ಪ ಪಕ್ಕದ ಗುಡ್ಸಲಿಗೆ ಓಡೋಗಿ ರಾಗಿ ಮಡಕೆ ಒಳಗಿಟ್ಟಿದ್ದ ಸೀರೆ ತಂದ. ಸುತ್ತಿದ ಮೇಲೆ ಅಳ್ತು ನೋಡು. ಆ ಕೂಸಿಗೇ ಈಗ ಮದ್ವೆಯಾಗಿ ಹೊಟ್ಟೆ ಬಂದೈತೆ, ಸಕರಾಯಪಟ್ಣದ ಬಸ್ಸಾಗೆ ಸಿಗ್ತಾನೆ.”

ಆ ಹೆರಿಗೆಯ ಮರುದಿನದಿಂದಲೇ ಅವರ ಚೀಲಕ್ಕೆ ಒಂದು ಒಣ ಗಂಟು ಸೇರಿತು. ಬೇರೆಯದನ್ನೆಲ್ಲ ಅವರು ಕಡಿಮೆ ಮಾಡುತ್ತಾ ಹೋದರು, ಅದೊಂದನ್ನು ಬಿಟ್ಟು.

ಆಮೇಲೆ ನಾವು ಎಷ್ಟೋ ಬೆಟ್ಟ ಹತ್ತಿದೆವು. ಪ್ರತಿ ಸಲವೂ ಚಾಪೆ, ಪ್ರತಿ ಸಲವೂ ಒಂದು ಬೆರಳಿನ ಪರೀಕ್ಷೆ. ಮರ್ಯಾದೆ ಬಿಟ್ಟು ನಾನೂ ಒಗೆಯುವ ಕಲ್ಲಿನ ಮೇಲೆ ಕೂತೆ, ಬೀದಿಯವರು ನೋಡಿದರು, ನಕ್ಕರು, ಮುಂದಿನ ವರ್ಷ ಇಬ್ಬರು ತಮ್ಮ ರೇನ್‌ಕೋಟು ತಂದರು. ಹಿಂತಿರುಗಿದಾಗ ಗೇಟಿನಲ್ಲಿ ಅದೇ ಪ್ರಶ್ನೆ. ಬಿಚ್ಚಲಿಲ್ಲ ಎಂದರೆ “ಸದ್ಯ” ಎಂದು ಒಳಗೆ ಹೋಗಿ ಮಲಗುತ್ತಿದ್ದರು.

ಕಳೆದ ಬೇಸಿಗೆಯಲ್ಲಿ ಮಧ್ಯಾಹ್ನದ ಊಟ ಮಾಡಿ ಮಲಗಿದವರು ಏಳಲಿಲ್ಲ. ನರಳಲಿಲ್ಲ, ಯಾರ ಕೈಯಲ್ಲೂ ಮಾಡಿಸಿಕೊಳ್ಳಲಿಲ್ಲ. ಅವರ ಚೀಲ ಮೊಳೆಗೆ ನೇತಾಡುತ್ತಿತ್ತು. ಒಂದು ಬೆರಳು ಹಾಕಿ ಎತ್ತಿದೆ, ಹಗುರವಾಗಿ ಬಂತು. ಒಳಗೆ ಅವರ ಗಂಟು ಮಾತ್ರ ಇತ್ತು. ಅದನ್ನು ಮಗಳು ಕೇಳಿ ತೆಗೆದುಕೊಂಡಳು.

ಈ ಸಲ ಅವಳು ಕಾಲೇಜಿನವರ ಜೊತೆ ಹಿಮಾಲಯಕ್ಕೆ ಹೋದಳು, ನಾನಿಲ್ಲದೆ. ಕಡೂರು ಸ್ಟೇಷನ್ನಿನಲ್ಲಿ ಅವಳ ಚೀಲಕ್ಕೆ ಬೆರಳು ಹಾಕಿ ನೋಡಿದೆ. ಆಮೇಲೆ ನಾಲ್ಕು ದಿನ ಫೋನು ಸಿಗಲಿಲ್ಲ. ಅಲ್ಲಿ ಹಿಮ ಬೀಳುತ್ತಿದೆ ಎಂದು ಟಿವಿಯಲ್ಲಿ ತೋರಿಸಿದರು. ಅಂಗಡಿಯಲ್ಲಿ ಕೂತು ಒಂದೇ ಮೋಟಾರಿಗೆ ಎರಡು ಸಲ ತಪ್ಪು ತಂತಿ ಸುತ್ತಿದೆ. ಐದನೆಯ ದಿನ ಬೆಳಿಗ್ಗೆ ಹತ್ತಕ್ಕೆ ಫೋನು ಬಂತು.

“ಅಪ್ಪ, ಕೆಳಗೆ ಬಂದ್ವಿ. ಗಂಟು ಬಿಚ್ಚಲಿಲ್ಲ.”

ಅಂಗಡಿಯಿಂದ ಎದ್ದೆ. ಫೋನು ಹಿಡಿದುಕೊಂಡೇ ಮನೆಗೆ ನಡೆದೆ, ನರ್ಸಮ್ಮನ ಗೇಟಿನ ಮುಂದೆ ನಿಂತೆ. ಅಲ್ಲಿ ಯಾರೂ ಇರಲಿಲ್ಲ. ಮಗಳು ಆ ಕಡೆಯಿಂದ “ಅಪ್ಪ, ಇದ್ಯಾ?” ಎನ್ನುತ್ತಿದ್ದಳು.

“ಸದ್ಯ” ಎಂದೆ.