ಫ್ಯಾಷನ್ ಪುಸ್ತಕ ನೋಡಿದವರು ಅಂದದ್ದು

ನನ್ನ ಹೊಲಿಗೆ ಅಂಗಡಿ ಅಫಜಲಪುರದ ಬಸ್ ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿದೆ. ಅಂಗಡಿ ಅಂದರೆ ಒಂದು ಖೋಲಿ, ಎರಡು ಮಷೀನು, ಗಿರಾಕಿಗಳು ಕೂರಲು ಒಂದು ಬೆಂಚು, ಮೂಲೆಯಲ್ಲಿ ಅಡ್ಡ ಕಟ್ಟಿದ ಪರದೆ. ಹೆಂಗಸರು ಸೀರೆಯ ಮೇಲೆ ತೊಡುವ ಜಂಪರ್ ಬಿಟ್ಟು ಬೇರೇನೂ ಹೊಲಿಯುವುದಿಲ್ಲ. ಮೇಲಿನ ಮನೆಯಲ್ಲಿ ಬಾಡಿಗೆಗಿದ್ದ ಕಾಲೇಜಿನ ಮೇಡಮ್ಮಿಗೆ ಹೋದ ವರ್ಷ ಆಳಂದಕ್ಕೆ ವರ್ಗವಾಯಿತು. ಸಾಮಾನು ಹೇರಿ ಮುಗಿದ ಮೇಲೆ ಅವರು ಅಂಗಡಿಗೆ ಬಂದು ಒಂದು ದಪ್ಪ ಇಂಗ್ಲಿಷ್ ಪುಸ್ತಕ ಕೊಟ್ಟು, "ನಿಮ್ಮ ಗಿರಾಕಿಗಳು ಡಿಸೈನ್ ನೋಡ್ತಾರೆ, ಇಟ್ಕೊಳ್ಳಿ" ಅಂದರು. ಭಾರಿ ಶ್ರೀಮಂತರು ಓದುವ ಫ್ಯಾಷನ್ ಪತ್ರಿಕೆ. ಕೈ ಇಟ್ಟರೆ ಜಾರುವ ಹಾಳೆ. ಒಂದು ಹಾಳೆಗೆ ಅತ್ತರನ್ನೇ ಸವರಿದ್ದರು. ನನಗೆ ಇಂಗ್ಲಿಷ್ ಬರುವುದಿಲ್ಲ. ಬೆಂಚಿನ ಮೇಲೆ ಇಟ್ಟುಬಿಟ್ಟೆ.

ಡಿಸೈನನ್ನೇನೋ ಎಲ್ಲರೂ ಫೋನಿನಲ್ಲೇ ತೋರಿಸುತ್ತಾರೆ. ಆದರೂ ಅಂಗಡಿಗೆ ಬಂದವರ ಕೈ ಮೊದಲು ಆ ಪುಸ್ತಕಕ್ಕೇ ಹೋಗುತ್ತಿತ್ತು. ಒಂದಕ್ಷರ ಓದಲಾಗದಿದ್ದರೂ ಅಭಿಪ್ರಾಯಕ್ಕೆ ಬರವಿರಲಿಲ್ಲ. "ಇಷ್ಟ ಚಂದ ಉಟ್ಟು ಒಬ್ಬಾಕಿನೂ ನಗವಲ್ಲಳಲ್ರಿ, ಎಲ್ಲಾರಿಗೂ ಅತ್ತಿ ಬೈದಾಳೇನು?" ಅಂದವಳು ಕನ್ನಡ ಶಾಲೆಯ ಮಾಸ್ತರರ ಹೆಂಡತಿ. ತೊಗರಿ ಹೊಲಕ್ಕೆ ಕಳೆ ಕೀಳಲು ಹೋಗುವ ಹೆಂಗಸು ಎತ್ತರದ ಹಿಮ್ಮಡದ ಚಪ್ಪಲಿ ನೋಡಿ, "ಇಕಿನ್ನ ನಮ್ಮ ಎರಿ ಹೊಲದ ಕೆಸರಾಗ ನಿಂದರಸ್ರಿ, ಸಂಜಿತನ ಅಲ್ಲೇ ನಟ್ಟಿರ್ತಾಳ" ಅಂದಳು. ತಾವೂ ಒಂದು ಕಾಲದಲ್ಲಿ ಕಸೂತಿ ಹಾಕುತ್ತಿದ್ದ, ಓಣಿಯವರೆಲ್ಲ ಖಾಲಾ ಅನ್ನುವ ಮುಸ್ಲಿಂ ಅಜ್ಜಿ ಮುಖಗಳನ್ನು ನೋಡಲೇ ಇಲ್ಲ. ಕಣ್ಣಿಗೆ ಚಾಳೀಸು ಏರಿಸಿ, ಹಾಳೆಗೆ ಮೂಗು ತಾಗಿಸಿ, "ಸಿಲಾಯಿ ಸಾಫ್ ಅದ ಬೇಟಿ, ಖರೇ ಹೇಳ್ತೀನಿ, ನಿನಕಿಂತ ಸಾಫ್ ಅದ" ಅಂದರು. ಇರಕಲ್ ಸೀರೆಯ ಮುದುಕಿಯೊಬ್ಬಳು ಕೊನೆಯಿಂದ ಮೊದಲಿನವರೆಗೆ ಪ್ರತಿ ಹಾಳೆ ತಿರುವಿ, "ನನ್ನ ವಾರಗೀದಾಕಿ ಒಬ್ಬಾಕಿನೂ ಇಲ್ಲ. ಆ ಊರಾಗ ಮುದುಕ್ಯಾರು ಅರಿವಿ ಹಾಕ್ಕೊಳ್ಳೂದಿಲ್ಲೇನು?" ಅಂತ ಕೇಳಿದಳು.

ನಾನು ಎಲ್ಲದಕ್ಕೂ ಹ್ಞೂಂ ಅನ್ನುತ್ತಿದ್ದೆ. ಗಿರಾಕಿ ಏನಂದರೂ ಹ್ಞೂಂ ಅನ್ನುವುದು ನಮ್ಮ ಕಸುಬಿನಲ್ಲಿ ಅರ್ಧ ಕೆಲಸ. ಬಾಯಲ್ಲಿ ಪಿನ್ನು ಕಚ್ಚಿಕೊಂಡವಳಿಗೆ ಬೇರೆ ಮಾತು ಆಡಲಿಕ್ಕೂ ಬರುವುದಿಲ್ಲ. ಆ ದಿನಗಳಲ್ಲಂತೂ ಹ್ಞೂಂ ಅನ್ನುವುದೊಂದೇ ನನಗೆ ಸುಲಭವಾಗಿತ್ತು.

ನನಗೊಬ್ಬಳು ತಂಗಿ. ನನಗಿಂತ ಆರು ವರ್ಷ ಸಣ್ಣವಳು. ಅವಳನ್ನು ಅತನೂರಿಗೆ ಕೊಟ್ಟಿದೆ. ಶ್ರಾವಣದಲ್ಲಿ ಅವಳ ಎಡ ಎದೆಯಲ್ಲಿ ಗಂಟು ಕಾಣಿಸಿತು. ಸೊಲ್ಲಾಪುರದ ದವಾಖಾನೆಯಲ್ಲಿ ಅದು ಕ್ಯಾನ್ಸರ್ ಅಂದರು, ಎದೆಯನ್ನೇ ತೆಗೆದರು. ಅವಳ ಗಂಡ ಕಾಗದವನ್ನು ನನ್ನ ಕಡೆ ಸರಿಸಿದ, ನಾನೇ ಸಹಿ ಹಾಕಿದೆ. ನರ್ಸು ಪಟ್ಟಿ ಬದಲಿಸಲು ಬಂದಾಗಲೆಲ್ಲ ನಾನು ಎದ್ದು ಕಿಟಕಿಗೆ ಹೋಗಿ, ಕೆಳಗೆ ನಿಲ್ಲಿಸಿದ್ದ ಮೋಟಾರ್ ಸೈಕಲ್ಲುಗಳನ್ನು ನೋಡುತ್ತ ನಿಲ್ಲುತ್ತಿದ್ದೆ. ಹನ್ನೊಂದು ದಿನ ಅವಳ ಮಗ್ಗುಲಲ್ಲೇ ಇದ್ದೂ ಆ ಗಾಯವನ್ನು ನಾನು ಒಮ್ಮೆಯೂ ನೋಡಲಿಲ್ಲ.

ಊರಿಗೆ ಬಂದ ಮೇಲೆ ನನಗೆ ಏನೂ ಅನ್ನಿಸದಂತಾಯಿತು. ದುಃಖ ಅಂತ ಹೇಳಲಿಕ್ಕೂ ಆಗುವುದಿಲ್ಲ. ಸಾರಿಗೆ ಉಪ್ಪು ಹೆಚ್ಚಾದರೆ ಗಂಡ ಹೇಳಬೇಕು, ಸೂಜಿ ಚುಚ್ಚಿಕೊಂಡರೆ ಬಟ್ಟೆಗೆ ರಕ್ತ ಹತ್ತಿದಾಗ ಗೊತ್ತಾಗಬೇಕು. ಅಂಗಡಿ ತೆರೆಯುತ್ತಿದ್ದೆ, ಹೊಲಿಯುತ್ತಿದ್ದೆ, ಮುಚ್ಚುತ್ತಿದ್ದೆ. ಓಣಿಯವರು ನನಗೆ ಗಟ್ಟಿ ಗುಂಡಿಗೆ ಅಂದರು. ಅವರಿಗೂ ಹ್ಞೂಂ ಅಂದೆ.

ತಂಗಿಯ ಮಗಳ ಲಗ್ನ ಕಾಯಿಲೆಗಿಂತ ಮೊದಲೇ ಗೊತ್ತಾಗಿತ್ತು. ಜೇವರ್ಗಿಯ ಕಡೆಯ ಹುಡುಗ, ಯುಗಾದಿ ಆದ ಮೇಲೆ ಮುಹೂರ್ತ. ನಮ್ಮಲ್ಲಿ ಧಾರೆಗೆ ಹುಡುಗಿಯ ತಂದೆ ತಾಯಿ ಜೋಡಿಯಾಗಿ ನಿಲ್ಲಬೇಕು, ತಾಯಿ ತಂಬಿಗೆ ಹಿಡಿದು ನೀರು ಬಿಡಬೇಕು. ತಂಗಿ ಅದಕ್ಕೆ ಒಪ್ಪಲಿಲ್ಲ. "ನನ್ನ ನೆಗೆಣ್ಣಿ, ನಮ್ಮ ಮೈದುನನ ಹೇಣ್ತಿ, ನಿಂದರ್ತಾಳ. ನಾ ಮನ್ಯಾಗ ಇರ್ತೇನಿ. ಅಷ್ಟ ಮಂದಿ ಮುಂದ ಕೈ ಎತ್ತಿ ನಾ ನಿಂದರಂಗಿಲ್ಲ" ಅಂದಳು. ಮಗಳು ತಾಯಿಗಿಂತ ಹಟಮಾರಿ. "ಅವ್ವ ನಿಲ್ಲದಿದ್ರ ನಾ ಬಾಸಿಂಗ ಕಟ್ಟಂಗಿಲ್ಲ" ಅಂತ ಕೂತಳು. ದೀಪಾವಳಿ ಹೋಯಿತು, ಸಂಕ್ರಮಣ ಬಂತು. ತಾಯಿ ಮಗಳು ಒಂದೇ ಮನೆಯಲ್ಲಿ ಮಾತು ಬಿಟ್ಟಿದ್ದರು.

ಆ ಸಂಕ್ರಮಣಕ್ಕೆ ಮೊದಲು ಒಂದು ದಿನ ತಂಗಿ ಸೊಲ್ಲಾಪುರದ ದವಾಖಾನೆಗೆ ತೋರಿಸಿಕೊಂಡು ಗಂಡನ ಜೊತೆ ವಾಪಸ್ಸು ಬಂದಳು. ಅತನೂರಿನ ಬಸ್ಸಿಗೆ ಇನ್ನೂ ಸಮಯವಿತ್ತು. ಗಂಡನನ್ನು ಸ್ಟ್ಯಾಂಡಿನಲ್ಲಿ ಬಿಟ್ಟು ನನ್ನ ಅಂಗಡಿಗೆ ಬಂದು, ಯಾರೂ ನೋಡಬಾರದೆಂದು ಪರದೆಯ ಒಳಗೆ ಸ್ಟೂಲಿನ ಮೇಲೆ ಕೂತಳು. ಆಪರೇಷನ್ ಆದ ಮೇಲೆ ಮನೆ ಮತ್ತು ದವಾಖಾನೆ ಬಿಟ್ಟು ಅವಳು ಇನ್ನೊಂದು ಜಾಗಕ್ಕೆ ಕಾಲಿಟ್ಟದ್ದು ಅದೇ ಮೊದಲು. ನೀರು ಕೊಟ್ಟೆ. ಅಷ್ಟರಲ್ಲಿ ಹಳೆಯ ಗಿರಾಕಿಗಳಿಬ್ಬರು ಬಂದರು. ನಾನು ಹುಕ್ಕು ಹಚ್ಚಿ ಮುಗಿಸುವ ತನಕ ಪುಸ್ತಕ ತಿರುವುತ್ತ ಕೂತರು. ಒಂದು ಹಾಳೆಯಲ್ಲಿ ಕೆಂಪು ರೇಷ್ಮೆ ಅಂಗಿ ಹಾಕಿದ ಸಣಕಲು ಹೆಣ್ಣೊಂದು ಕುರ್ಚಿಗೆ ಒರಗಿ ನಿಂತಿದೆ.

"ಎದಿ ನೋಡ್ರಿ ಇಕೀದು, ಕೂಡೂ ಮಣಿ ಇದ್ದಂಗ ಸಪಾಟ ಅದ" ಅಂದಳು ಒಬ್ಬಳು. "ಹೆಣ್ಣಂತ ಹೆಂಗ ಅನಬೇಕ್ರಿ ಇಂಥಾಕಿಗೆ?"

ಇನ್ನೊಬ್ಬಳು ಸೆರಗು ಬಾಯಿಗೆ ಹಿಡಿದು ನಕ್ಕಳು. ನಾನು ಹ್ಞೂಂ ಅಂದೆ.

ಅಂದ ಮೇಲೆ ಪರದೆಯ ಕಡೆ ನೋಡಿದೆ. ಅದು ಅಲುಗಾಡಲಿಲ್ಲ. ಅವರಿಬ್ಬರೂ ಕೆಟ್ಟವರೇನಲ್ಲ. ಒಬ್ಬಳು ಹಾಸಿಗೆ ಹಿಡಿದ ಅತ್ತೆಗೆ ನಾಲ್ಕು ವರ್ಷ ತುತ್ತು ತಿನ್ನಿಸಿದವಳು. ಪರದೆಯ ಹಿಂದೆ ಯಾರಿದ್ದಾರೆಂದು ಅವರಿಗೆ ಗೊತ್ತಿರಲಿಲ್ಲ. ನನಗೆ ಗೊತ್ತಿತ್ತು. ಅವರು ಹೋದ ಮೇಲೆ ತಂಗಿ ಸೆರಗನ್ನು ಎರಡು ಸುತ್ತು ಬಿಗಿದುಕೊಂಡು ಹೊರಗೆ ಬಂದು, "ಬಸ್ಸಿಗೆ ಹೊತ್ತಾತು" ಅಂತಷ್ಟೇ ಅಂದು ಹೋದಳು. ನನಗೆ ನಾಚಿಕೆ ಆಗಬೇಕಿತ್ತು. ಆಗಲಿಲ್ಲ. ಮಷೀನಿಗೆ ಎಣ್ಣೆ ಬಿಟ್ಟು ಮುಂದಿನ ಜಂಪರ್ ತಗೊಂಡೆ.

ಫೆಬ್ರುವರಿಯಲ್ಲಿ ಬೀಗರ ಕಡೆಯಿಂದ ಹುಡುಗಿಯ ತಾಯಿಗೆಂದು ಸೀರೆ ಬಂತು, ಹಸಿರು ಮೈ, ಕಡುಗೆಂಪು ಅಂಚು. ತಂಗಿಯ ಗಂಡ ಜಂಪರ್ ಪೀಸನ್ನು ನನ್ನ ಅಂಗಡಿಗೆ ತಂದು ಕೊಟ್ಟು, "ನೀವರ ಹೊಲಿರಿ ಅಕ್ಕಾರ. ಹೊಲದದ್ದು ಕಣ್ಣಿಗೆ ಬಿದ್ರ ಮನಸ್ಸು ಮಾಡ್ತಾಳೇನೋ" ಅಂದ. ಬಹಳ ಆಸೆಯಿಂದ ಅಂದ. ನಾನೂ ಹಾಗೇ ಅಂದುಕೊಂಡೆ. ಚಂದ ಹೊಲಿದರೆ ಹಾಕಿಕೊಳ್ಳುತ್ತಾಳೆ, ಹಾಕಿಕೊಂಡರೆ ನಿಲ್ಲುತ್ತಾಳೆ.

ನಮ್ಮ ಕಡೆ ಜಂಪರ್ ಹೊಲಿಯುವವರು ಹೆಂಗಸರ ಮೈಗೆ ಟೇಪು ಹಿಡಿಯುವುದು ಕಮ್ಮಿ. ಸರಿಯಾಗಿ ಕೂರುವ ಹಳೆಯ ಜಂಪರ್ ಒಂದನ್ನು ಗಿರಾಕಿಯೇ ತಂದು ಕೊಡುತ್ತಾಳೆ. ಅದಕ್ಕೆ ಅಳತೆ ಜಂಪರ್ ಅನ್ನುತ್ತೇವೆ. ಹೊಸ ಬಟ್ಟೆಯ ಮೇಲೆ ಅದನ್ನು ಹಾಸಿ, ಸುತ್ತ ಸೀಮೆಸುಣ್ಣದ ಗೀಟು ಎಳೆದು ಕತ್ತರಿಸುವುದು. ಖಾಯಂ ಗಿರಾಕಿಗಳ ಅಳತೆ ಜಂಪರುಗಳು ನನ್ನ ಗೋಡೆಯ ಮೊಳೆಗಳಿಗೆ ವರ್ಷಗಟ್ಟಲೆ ನೇತಾಡುತ್ತವೆ. ತಂಗಿಯದು ಮೂರನೆಯ ಮೊಳೆಯಲ್ಲಿತ್ತು.

ಕೈ ತನ್ನ ಪಾಡಿಗೆ ತಾನು ಮೂರನೆಯ ಮೊಳೆಗೆ ಹೋಯಿತು. ಹಾಸಿದೆ, ಗೀಟು ಎಳೆದೆ, ಕತ್ತರಿಸಿದೆ. ಒಳಗೆ ಅಸ್ತರ್ ಕೊಟ್ಟೆ, ಎರಡೂ ಕಡೆ ಸಮ ಮಾಡಿ ಎದೆಯ ಉಬ್ಬಿಗೆ ಕಟೋರಿ ಕೂರಿಸಿದೆ, ಕೊರಳಿಗೆ ಅಂಚಿನ ಬಣ್ಣದ್ದೇ ಪೈಪಿಂಗ್ ಹಾಕಿದೆ. ಎರಡು ದಿನದ ಕೆಲಸ. ಖಾಲಾ ಬಂದಿದ್ದರೆ ಸಾಫ್ ಅದ ಅನ್ನುತ್ತಿದ್ದರು. ಆ ಎರಡು ದಿನದಲ್ಲಿ ಒಂದು ಗಳಿಗೆಯೂ ನನ್ನ ಕೈ ತಡೆಯಲಿಲ್ಲ. ಮುವ್ವತ್ತು ವರ್ಷ ಮಷೀನು ತುಳಿದವಳು ಇಂಥ ತಪ್ಪು ಮಾಡುತ್ತಾಳಾ ಅಂತ ನೀವು ಕೇಳಬಹುದು. ಮುವ್ವತ್ತು ವರ್ಷ ತುಳಿದದ್ದಕ್ಕೇ ಮಾಡಿದೆ.

ಇಸ್ತ್ರಿ ಮಾಡಿ, ಮಡಚಿ, ಸೋಮವಾರದ ಬಸ್ಸಿಗೆ ಅತನೂರಿಗೆ ಒಯ್ದೆ. ತಂಗಿ ಪಡಸಾಲೆಯಲ್ಲಿ ತೊಗರಿಬೇಳೆ ಹಸನು ಮಾಡುತ್ತ ಕೂತಿದ್ದಳು. ಕೈ ಒರೆಸಿಕೊಂಡು ಜಂಪರ್ ಬಿಚ್ಚಿದಳು. ಎರಡೂ ತೋಳು ಹಿಡಿದು ಎದೆಯ ಮುಂದೆ ಹರಡಿ ಬಹಳ ಹೊತ್ತು ನೋಡಿದಳು.

"ಇದು ಯಾರದು, ಅಕ್ಕ?" ಅಂದಳು.

ವ್ಯಂಗ್ಯಕ್ಕೆ ಕೇಳಿದ್ದಲ್ಲ. ಬೇರೆ ಗಿರಾಕಿಯದು ತಪ್ಪಿ ತಂದಿದ್ದೇನೆ ಅಂತಲೇ ಅವಳು ತಿಳಿದಿದ್ದಳು. ನಾನು ಆಗ ಜಂಪರ್ ನೋಡಿದೆ, ಎರಡು ಸಮನಾದ ಕಟೋರಿ ನೋಡಿದೆ. ಹತ್ತಿ ತುಂಬಿ ಕೊಡುತ್ತೇನೆ, ದವಾಖಾನೆಯವರೂ ಹಾಗೆ ಹೇಳಿದ್ದಾರೆ ಅಂತ ಏನೇನೋ ತೊದಲಿದೆ.

"ಹತ್ತಿ ಬ್ಯಾಡ" ಅಂದಳು. ಜಂಪರನ್ನು ಮೊದಲಿದ್ದ ಮಡಿಕೆಗೇ ಮಡಚಿ ನನ್ನ ತೊಡೆಯ ಮೇಲೆ ಇಟ್ಟಳು. "ಆ ಪುಸ್ತಕ ಅದ ಇಲ್ಲ ನಿನ್ನ ಅಂಗಡ್ಯಾಗ? ಅದನ್ನ ತಗೊಂಡ ಬಾ. ಅವತ್ತ ಮಂದಿ ಅಂದದ್ದು ಕೇಳೇನಿ, ಆ ಹೆಣ್ಣಿನ್ನ ನೋಡಿಲ್ಲ. ಯಾರಾಕಿ ಅಂತ ನೋಡಬೇಕು."

ಮುಂದಿನ ಸೋಮವಾರ ಪುಸ್ತಕ ಚೀಲದಲ್ಲಿ ಹಾಕಿಕೊಂಡು ಮತ್ತೆ ಹೋದೆ. ಸೊನ್ನದ ಬ್ಯಾರೇಜಿನ ನೀರು ಬಂದಾಗಿನಿಂದ ಆ ಕಡೆ ಕಬ್ಬು ಹೆಚ್ಚು. ಕಬ್ಬಿನ ಟ್ರ್ಯಾಕ್ಟರುಗಳ ಹಿಂದೆ ಬಸ್ಸು ತೆವಳುತ್ತಿತ್ತು. ದಾರಿಯುದ್ದಕ್ಕೂ ನಾನು ಆ ಹಾಳೆಯನ್ನು ಹರಿದು ಕಿಟಕಿಯಿಂದ ಒಗೆಯಲಾ ಅಂತ ಯೋಚಿಸಿದೆ. ಧೈರ್ಯ ಬರಲಿಲ್ಲ. ಅವಳ ಮುಂದೆ ಅದನ್ನೇ ತೆರೆದಿಟ್ಟೆ.

ತಂಗಿ ನಾಲ್ಕನೆಯ ಇಯತ್ತೆಗೇ ಶಾಲೆ ಬಿಟ್ಟವಳು. ಆ ಪುಸ್ತಕವನ್ನು ನನ್ನ ಅಂಗಡಿಗೆ ಬಂದ ಯಾರೂ ಅವಳಷ್ಟು ಹೊತ್ತು ನೋಡಿಲ್ಲ. ಬೆಳಕಿಗೆ ಹಿಡಿದಳು, ಪಕ್ಕಕ್ಕೆ ಹೊರಳಿಸಿದಳು, ಕೆಂಪು ಅಂಗಿಯ ಹೆಗಲಿನಿಂದ ಸೊಂಟದವರೆಗೆ ಬೆರಳು ಇಳಿಸಿದಳು. ಅಡುಗೆಮನೆಯಲ್ಲಿ ಹಾಲು ಉಕ್ಕಿದ ವಾಸನೆ ಬಂತು. ಇಬ್ಬರೂ ಏಳಲಿಲ್ಲ.

"ಚಲೋ ಅದಾಳ" ಅಂದಳು ಕೊನೆಗೆ. "ಇಕಿಗೆ ಹೊಲದಾಕಿ ಇಕಿನ್ನ ನೋಡಿ ಹೊಲದಾಳ."

ಅಷ್ಟು ಜನ ಆ ಪುಸ್ತಕ ನೋಡಿ ಅಷ್ಟು ಮಾತು ಆಡಿದ್ದರು. ನನಗೆ ತಾಗಿದ್ದು ಅದೊಂದೇ. ಕೆನ್ನೆಗೆ ಹೊಡೆದಿದ್ದರೆ ಅಷ್ಟು ಉರಿಯುತ್ತಿರಲಿಲ್ಲ. ನಾನು ನನ್ನ ತಂಗಿಯನ್ನು ಏಳು ತಿಂಗಳಿಂದ ನೋಡಿರಲಿಲ್ಲ. ಅವಳ ಮುಖ ನೋಡಿದ್ದೆ, ಗುಳಿಗೆಯ ಚೀಟಿ ನೋಡಿದ್ದೆ, ಮೊಳೆಗೆ ಹಾಕಿದ ಅವಳ ಹಳೆಯ ಜಂಪರ್ ನೋಡಿದ್ದೆ.

"ಬಾಗಲಾ ಮುಚ್ಚತೇನಿ" ಅಂದೆ.

"ಮುಚ್ಚು" ಅಂದಳು.

ಚೀಲದಲ್ಲಿ ಟೇಪು ಇತ್ತು. ಅವಳು ಸೆರಗು ತೆಗೆದಳು, ಹುಕ್ಕು ತೆಗೆದಳು. ಬಗಲಿನಿಂದ ಎದೆಯ ನಡುವಿನ ತನಕ ಓರೆಯಾಗಿ ಒಂದು ಗೆರೆ, ಸುತ್ತ ಚರ್ಮ ಎಳೆದು ಹೊಳೆಯುತ್ತಿತ್ತು. ನಾನು ಹೆದರಿಕೊಂಡಷ್ಟೇನೂ ಇರಲಿಲ್ಲ. ಅದನ್ನು ನೋಡಲು ಇಷ್ಟು ದಿನ ತಗೊಂಡೆನಲ್ಲ ಅಂತ ನನ್ನ ಮೇಲೇ ಅಸಹ್ಯವಾಯಿತು. "ನೋವಾಗ್ತದೇನು?" ಅಂದೆ. "ಮುಟ್ಟಿದ್ರ ಏನೂ ಗೊತ್ತಾಗಂಗಿಲ್ಲ ಅಲ್ಲಿ" ಅಂದಳು. ಬಲಗಡೆಯ ಅಳತೆ ಬೇರೆ ಬರೆದುಕೊಂಡೆ, ಎಡಗಡೆಯದು ಬೇರೆ. ಎಡಗೈಗೆ ಬಾವು ಇತ್ತು, ತೋಳು ಒಂದಿಂಚು ಹೆಚ್ಚು ಹಿಡಿದೆ. ಎಡಗಡೆ ಕಟೋರಿ ಬೇಡ, ಉಬ್ಬು ಕೊಡುವ ಟಕ್ಸೂ ಬೇಡ, ಬಟ್ಟೆ ಮೈಗೆ ಅಂಟಿ ನೇರ ಇಳಿಯಲಿ ಅಂತ ತೀರ್ಮಾನಿಸಿದೆವು. ಲಗ್ನಕ್ಕೆ ಬರುತ್ತೇನೆ ಅಂತ ಅವಳು ಹೇಳಲಿಲ್ಲ, ನಾನೂ ಕೇಳಲಿಲ್ಲ.

ಮೊದಲು ಹೊಲಿದ ಜಂಪರನ್ನೇ ಬಿಚ್ಚಿ, ಆ ಅಳತೆಗೆ ಮತ್ತೆ ಹೊಲಿದು ಕಳಿಸಿದೆ. ಲಗ್ನದ ದಿನ ತಂಗಿ ಅದನ್ನು ತೊಟ್ಟು ಜೇವರ್ಗಿಯ ಕಲ್ಯಾಣ ಮಂಟಪಕ್ಕೆ ಬಂದಳು. ಕ್ಯಾನ್ಸರಿನ ಔಷಧಕ್ಕೆ ಉದುರಿದ ಕೂದಲು ಇನ್ನೂ ಬೆರಳಿನಷ್ಟೂ ಬೆಳೆದಿರಲಿಲ್ಲ, ತಲೆಯ ಮೇಲೆ ಸೆರಗು ಹೊದ್ದಿದ್ದಳು. ನೆಗೆಣ್ಣಿ ಪಕ್ಕಕ್ಕೆ ಸರಿದು ಜಾಗ ಬಿಟ್ಟಳು. ಬಾಸಿಂಗ ಕಟ್ಟಿದ ಮಗಳು ತಲೆ ಎತ್ತಿ ಒಮ್ಮೆ ತಾಯಿಯನ್ನು ನೋಡಿ ಮತ್ತೆ ತಗ್ಗಿಸಿದಳು. ತಂಗಿ ಎರಡೂ ಕೈಯಿಂದ ತಂಬಿಗೆ ಎತ್ತಿದಾಗ ಸೆರಗು ತಲೆಯಿಂದ ಹೆಗಲಿಗೆ, ಹೆಗಲಿನಿಂದ ಜಾರಿ ಮೊಳಕೈಗೆ ಬಂತು. ಮುಂದಿನ ಸಾಲಿನ ಹೆಂಗಸರು ನೋಡಿದರು. ಅವಳು ಕೈ ಇಳಿಸಲಿಲ್ಲ. ನೀರು ಸಣ್ಣಗೆ, ನಡುವೆ ತುಂಡಾಗದೆ, ಪೂರ್ತಿ ಇಳಿಯುವ ತನಕ ಹಾಗೇ ಹಿಡಿದು ನಿಂತಳು.

ಅಕ್ಕಿಕಾಳು ಬಿದ್ದು, ಬಾಜಾ ನಿಂತ ಮೇಲೆ ಅವಳು ಮಂದಿಯ ನಡುವೆ ದಾರಿ ಮಾಡಿಕೊಂಡು ನನ್ನ ಕಡೆ ಬಂದಳು. ಏನೋ ದೊಡ್ಡ ಮಾತು ಹೇಳುತ್ತಾಳೆಂದು ನಾನು ಎದೆ ಗಟ್ಟಿ ಮಾಡಿಕೊಂಡೆ.

"ಬಗಲಾಗ ಒಂಚೂರು ಬಿಗಿ ಆಗ್ಯದ, ಅಕ್ಕ" ಅಂದಳು.

ಎಲ್ಲ ಗಿರಾಕಿಗಳೂ ಅನ್ನುವ ಮಾತು. ದಿನಕ್ಕೆ ಹತ್ತು ಸಲ ಕೇಳಿ ನನಗೆ ರೇಗುವ ಮಾತು. "ನಾಳಿಗೆ ಕೊಡು, ಬಿಚ್ಚಿ ಸಡಲ ಮಾಡತೇನಿ" ಅನ್ನುತ್ತ, ಮಂದಿಯ ನಡುವೆಯೇ ಅವಳ ಎಡ ಬಗಲಿಗೆ ಎರಡು ಬೆರಳು ತೂರಿಸಿ ಎಷ್ಟು ಬಿಗಿ ಅಂತ ನೋಡಿದೆ.