ಲಡ್ಡುವಿನ ಅಂಗಿ ಮತ್ತು ನಮ್ಮ ಬೀಗಿತ್ತಿ

ನಮ್ಮ ಬೀಗಿತ್ತಿ ಶಿವಮ್ಮನವರು ಬಸ್ಸು ಹತ್ತಿದರೆ ಮೊದಲು ಮಾಡುತ್ತಿದ್ದ ಕೆಲಸ ಕಿಟಕಿ ಮುಚ್ಚುವುದು. ತಮ್ಮ ಕಿಟಕಿ ಒಂದೇ ಅಲ್ಲ, ಬಸ್ಸಿನಲ್ಲಿರುವ ಅಷ್ಟೂ ಕಿಟಕಿ. ಡ್ರೈವರ್ ಹಿಂದಿನ ಸೀಟಿನಿಂದ ಶುರು ಮಾಡಿ, ಕೂತವರ ತೊಡೆ ಮೇಲೆ ಬಗ್ಗಿ, ಗಾಜು ಎಳೆದು, ಕೊನೇ ಸೀಟಿನ ತನಕ ಹೋಗಿ ಬರುತ್ತಿದ್ದರು. ಯಾರಾದರೂ "ಗಾಳಿ ಬೇಕು ಕಣವ್ವ" ಅಂದರೆ, "ಗಾಳಿ ಬೇಕಾದ್ರ ಇಳ್ದು ನಡ್ಕಂಡೋಗು" ಅನ್ನುತ್ತಿದ್ದರು. ಹಬ್ಬಕ್ಕೋ ಮದುವೆಗೋ ಒಟ್ಟಿಗೆ ಹೋಗುವಾಗ ಪಕ್ಕದ ಸೀಟಿನಲ್ಲಿ ನಾನು ಇವರು ಯಾರೋ ಗೊತ್ತೇ ಇಲ್ಲ ಅನ್ನುವ ಹಾಗೆ ನೆಲ ನೋಡುತ್ತಾ ಕೂತಿರುತ್ತಿದ್ದೆ. ಅವರು ಬಂದು ಕೂತು ಬಸ್ಸಿಗೆಲ್ಲ ಕೇಳುವ ಹಾಗೆ, "ಅಣ್ಣಾ, ನಿಮ್ದೂ ಮುಚ್ಚಿವ್ನಿ ನೋಡಿ" ಅನ್ನುತ್ತಿದ್ದರು.

ಶಿವಮ್ಮ ನನ್ನ ಮಗಳ ಅತ್ತೆ. ಯಳಂದೂರು ಕಡೆ ಮಾಂಬಳ್ಳಿಯವರು. ನಾನು ಹನೂರಿನವನು. ಮಗಳು ಅಳಿಯ ಇಬ್ಬರೂ ಕೊಳ್ಳೇಗಾಲದಲ್ಲಿ ಬಾಡಿಗೆ ಮನೆ ಮಾಡಿಕೊಂಡು ಕೆಲಸಕ್ಕೆ ಹೋಗುತ್ತಾರೆ. ಮೊಮ್ಮಗಳು ಪಾವನಿಯನ್ನು ನೋಡಿಕೊಳ್ಳಲು ಆ ಕಡೆಯಿಂದ ಅವರು ಬರುತ್ತಿದ್ದರು, ಈ ಕಡೆಯಿಂದ ನಾನು ಹೋಗುತ್ತಿದ್ದೆ. ನನ್ನ ಹೆಂಡತಿಗೆ ಮಂಡಿನೋವು, ಮನೆಯಲ್ಲಿ ಹಸು ಬೇರೆ, ಅವಳು ಊರು ಬಿಡುವುದಿಲ್ಲ. ಪಾವನಿ ವಿಷಯ ಶುರು ಮಾಡಿದರೆ ನಾನು ನಿಲ್ಲಿಸುವವನಲ್ಲ. ಮದುವೆಯಾಗಿ ಎಷ್ಟೋ ವರ್ಷಕ್ಕೆ ಹುಟ್ಟಿದ ಮಗು. ಅದು "ತಾತ" ಅಂತ ಮೊದಲು ಕರೆದ ದಿನ ನಾನು ಹನೂರು ಬಸ್ಸಿನಲ್ಲಿ ಗೊತ್ತಿಲ್ಲದವರಿಗೆಲ್ಲ ಹೇಳಿಕೊಂಡು ಹೋಗಿದ್ದೆ. ಈಗ ಅದು ನನಗೇ ಅಕ್ಷರ ತಿದ್ದಿಸುತ್ತದೆ. ನಾಲ್ಕನೇ ಕ್ಲಾಸಿಗೆ ಸ್ಕೂಲು ಬಿಟ್ಟವನಿಗೆ ಇಂಥ ಮೇಷ್ಟ್ರು ಸಿಗಬೇಕಾದರೆ ಪುಣ್ಯ ಮಾಡಿರಬೇಕು. ಇಂಥ ಮಗುವಿಗೆ ಇಂಥ ಅಜ್ಜಿ ಯಾಕೆ ಸಿಕ್ಕಿದರೋ ಅಂತ ಮಾತ್ರ ಒಂದೊಂದು ಸಲ ಬೆಟ್ಟದ ಮಾದಪ್ಪನನ್ನೇ ಕೇಳಿದ್ದೇನೆ.

ಅವರಿಗೆ ಚಳಿಯ ಮೇಲೆ ಇದ್ದ ಹಗೆ ಹುಟ್ಟಿದ್ದು ಹುಳದ ಮನೆಯಲ್ಲಿ. ಮಾಂಬಳ್ಳಿಯಲ್ಲಿ ಅವರು ರೇಷ್ಮೆ ಹುಳ ಸಾಕಿದವರು. ಚಳಿ ಹಿಡಿದರೆ ಹುಳ ಸೊಪ್ಪು ಮೇಯುವುದು ಬಿಡುತ್ತದೆ. ಆಗ ಕಿಟಕಿಗೆ ಗೋಣಿ ಕಟ್ಟಿ, ಬಾಣಲೆಯಲ್ಲಿ ಕೆಂಡ ಇಟ್ಟು, ಬಾಣಂತಿಯನ್ನು ಕಾಯ್ದ ಹಾಗೆ ಕಾಯಬೇಕು. ಶಿವಮ್ಮನವರು ಕೈಲಾಗದೆ ಹುಳ ಬಿಟ್ಟರು, ಕಾಯುವುದು ಬಿಡಲಿಲ್ಲ. ಕಣ್ಣಿಗೆ ಬಿದ್ದ ಜೀವವೆಲ್ಲ ಅವರಿಗೆ ಹುಳದ ಹಾಗೇ ಕಾಣುತ್ತಿತ್ತು.

ಒಂದು ಸಲ ದೀಪಾವಳಿಗೆ ಹನೂರಿಗೆ ಬಂದವರು, ಪಾವನಿಗೆ ಗಿಡ್ಡವಾಗಿದ್ದ ಸ್ವೆಟರನ್ನು ನಮ್ಮ ಮನೆ ನಾಯಿ ಕರಿಯನಿಗೆ ತೊಡಿಸಿಬಿಟ್ಟರು. ಕರಿಯ ಅಂದರೆ ಕಂಬಳಿ ಹುಳದ ಹಾಗೆ ಮೈತುಂಬ ಕೂದಲು. ಹೊಲದಲ್ಲಿ ಮಂಜು ಸುರಿಯುತ್ತಿದ್ದರೂ ಬದುವಿನ ಮೇಲೆ ಮಲಗಿ ಗೊರಕೆ ಹೊಡೆಯುವ ಪ್ರಾಣಿ. ಸ್ವೆಟರ್ ಬಿದ್ದ ಕೂಡಲೇ ಪೊಲೀಸ್ ಸ್ಟೇಷನ್‌ನಲ್ಲಿ ನಿಲ್ಲಿಸಿದವನ ಹಾಗೆ ನಿಂತಲ್ಲೇ ನಿಂತಿತು. ಆಮೇಲೆ ನಾಲಿಗೆ ಹೊರಗೆ ಹಾಕಿ ಏದುಸಿರು ಬಿಟ್ಟು, ಜೋಳದ ಹೊಲಕ್ಕೆ ನುಗ್ಗಿತು. ಸಂಜೆ ಬಂದಾಗ ಕತ್ತಿನಲ್ಲಿ ಕಾಲರ್ ಒಂದೇ ಉಳಿದಿತ್ತು.

"ನೋಡಿ ಬೀಗ್ರೆ, ನಾಯಿಗ ದೇವ್ರೇ ಅಂಗಿ ಕೊಟ್ಟು ಕಳ್ಸವ್ನ" ಅಂದೆ.

"ಅದ್ಕ ಆ ಬಣ್ಣ ಇಡಿಸ್ನಿಲ್ಲ ಕಣಣ್ಣ" ಅಂದರು.

ಗೆದ್ದ ಮಾತನ್ನೂ ಗೆಲ್ಲಲು ಬಿಡದ ಹೆಂಗಸು.

ಮುಂದಿನ ವರ್ಷದ ಚಳಿಗೆ ಇದೇ ಜಗಳ ಕೊಳ್ಳೇಗಾಲದ ಮನೆಯಲ್ಲಿ ಶುರುವಾಯಿತು. ಆದರೆ ಅಲ್ಲಿದ್ದ ನಾಯಿ ಕರಿಯ ಅಲ್ಲ, ಲಡ್ಡು. ಪಾವನಿ ಬೀದಿಯಿಂದ ಎತ್ತಿಕೊಂಡು ಬಂದ ಪುಟ್ಟ ನಾಯಿ. ಮೈಗೆ ಕಜ್ಜಿ ಹತ್ತಿ ಅರ್ಧ ಕೂದಲು ಉದುರಿಹೋಗಿತ್ತು. ಬೆನ್ನು ಹೊಟ್ಟೆ ಎಲ್ಲ ಬರೀ ಚರ್ಮ. ಪಾವನಿ ಊಟಕ್ಕೆ ಕೂತರೆ ಅದೂ ಪಕ್ಕದಲ್ಲಿ ಕೂರಬೇಕು. ಅದು ಉಣ್ಣದಿದ್ದರೆ ಇವಳೂ ಉಣ್ಣುತ್ತಿರಲಿಲ್ಲ.

ದನದ ಡಾಕ್ಟ್ರ ಹತ್ತಿರ ನಾವಿಬ್ಬರೂ ಹೋಗಿದ್ದೆವು. ಡಾಕ್ಟ್ರು ಇನ್ನೂ ಹುಡುಗ, ನಿಧಾನವಾಗಿ ಬಿಡಿಸಿ ಹೇಳಿದ. ದಪ್ಪ ಕೂದಲಿನ ನಾಯಿಗೆ ಏನೂ ಬೇಡ, ಇದಕ್ಕೆ ಕೂದಲು ಬರುವ ತನಕ ಬೆಳಗ್ಗೆ ಸಂಜೆ ಏನಾದರೂ ಹೊದಿಸಿ, ಬಿಸಿಲು ಬಂದ ಮೇಲೆ ಬಿಚ್ಚಿ, ಒದ್ದೆಯಾಗಿದ್ದರಂತೂ ಮೈಮೇಲೆ ಇಡಲೇಬೇಡಿ ಅಂತ. ಇಬ್ಬರೂ ತಲೆ ಅಲ್ಲಾಡಿಸಿದೆವು. ಮನೆಗೆ ಬರುವಷ್ಟರಲ್ಲಿ ಶಿವಮ್ಮನವರ ತಲೆಯಲ್ಲಿ "ಹೊದಿಸಿ" ಅನ್ನುವುದೊಂದೇ ಉಳಿದಿತ್ತು. ನನ್ನ ತಲೆಯಲ್ಲಿ "ಬಿಚ್ಚಿ" ಅನ್ನುವುದು.

ಅವರು ತೊಡಿಸುವರು, ನಾನು ಬಿಚ್ಚುವೆನು. ಬಿಸಿಲಿಗೆ ಬಿಡಿ ಅಂದರೆ, "ಯಾವ್ ಬಿಸ್ಲು? ಇದು ಬಿಸ್ಲಾ? ನಿಮ್ಮ ಅನೂರಲ್ಲಿ ಇದ್ಕ ಬಿಸ್ಲು ಅಂದಾರ?" ಅನ್ನುವರು. ಬೆಳಗ್ಗೆ ಬಾಗಿಲ ಮುಂದಿನ ಹುಲ್ಲಿನ ಮೇಲೆ ಲಡ್ಡು ಹೊರಳಿ ಸ್ವೆಟರೆಲ್ಲ ಮಂಜಿನಲ್ಲಿ ನೆನೆದರೂ, "ಉಣ್ಣೆ ಕಣಣ್ಣ, ನೆಂದ್ರೂ ಬೆಚ್ಗ ಇರ್ತದ" ಅನ್ನುವರು. ಮುಟ್ಟಿ ನೋಡಿದರೆ ಹಿಂಡಿದ ಬಟ್ಟೆಯ ಹಾಗೆ ತಣ್ಣಗೆ. ನಾನು ಕಿತ್ತು ಹಗ್ಗದ ಮೇಲೆ ಹಾಕಿದರೆ, ಇನ್ನೊಂದು ತಂದು ತೊಡಿಸುವರು. ಅಳಿಯನ ಹಳೇ ಪ್ಯಾಂಟಿನ ಕಾಲು, ಮಗಳ ಶಾಲು, ಕೊನೆಗೆ ನನ್ನ ಮಫ್ಲರು. ನನ್ನ ಮಫ್ಲರು! ಆ ನಾಯಿ ಇಬ್ಬರ ಮುಖ ನೋಡಿ ನೋಡಿ ಸುಸ್ತಾಗಿ ಮಂಚದ ಕೆಳಗೆ ಸೇರಿಕೊಂಡಿತು.

"ಅಪ್ಪ, ಅತ್ತೆ, ಇಬ್ರೂ ಸೇರ್ಕಂಡು ಆ ನಾಯ ಸಾಯಿಸ್ಬುಡ್ತೀರ" ಅಂತ ಮಗಳು ಕೆಲಸಕ್ಕೆ ಹೊರಡುತ್ತಾ ಹೇಳಿದಳು.

ಸಂಕ್ರಾಂತಿ ಕಳೆದ ಮೇಲೆ ಪಾವನಿಗೆ ಕಿವಿ ಚುಚ್ಚಿಸುವುದು ಅಂತ ನಿಶ್ಚಯವಾಯಿತು. ನಮ್ಮ ಕಡೆ ಮದುವೆಗಾಗಲಿ, ನ್ಯಾಯ ಪಂಚಾಯ್ತಿಗಾಗಲಿ, ಕಿವಿ ಚುಚ್ಚುವುದಕ್ಕಾಗಲಿ ಕರೀ ಕಂಬಳಿ ಹಾಸಬೇಕು. ನಾನು ಹನೂರಿಂದ ನಮ್ಮಪ್ಪನ ಕಂಬಳಿಯನ್ನೇ ತಂದಿದ್ದೆ. ನನ್ನ ಮದುವೆ, ಮಗಳ ಮದುವೆ ಎಲ್ಲ ಆದದ್ದು ಅದರ ಮೇಲೆ. ಮೊಮ್ಮಗಳೂ ಅದರ ಮೇಲೆ ಕೂರುತ್ತಾಳಲ್ಲ ಅಂತ ಬಸ್ಸಿನಲ್ಲಿ ಮಡಿಲಲ್ಲೇ ಇಟ್ಟುಕೊಂಡು ಬಂದಿದ್ದೆ, ಯಾರ ಕಾಲೂ ತಾಗದ ಹಾಗೆ.

ಶಾಸ್ತ್ರದ ಹಿಂದಿನ ದಿನ ಲಡ್ಡುವಿಗೆ ನಡುಕ ಹಿಡಿಯಿತು. ಬೆಳಗ್ಗೆಯಿಂದ ಏನೂ ತಿಂದಿರಲಿಲ್ಲ. ಕುಡಿದ ಹಾಲನ್ನೂ ಕಕ್ಕಿ, ತೊಟ್ಟಿದ್ದು ಹೊದ್ದಿದ್ದು ಎಲ್ಲ ಹೊಲಸಾಗಿ, ತೊಳೆದದ್ದು ಒಣಗಿರಲಿಲ್ಲ. ಡಾಕ್ಟ್ರು ಬಂದು ಸೂಜಿ ಹಾಕಿ, "ಬೆಚ್ಚಗಿಡಿ, ನಾಳೆ ತನಕ ನೋಡೋಣ" ಅಂದು ಹೋದ. ಪಾವನಿ ಅದರ ಪಕ್ಕ ಕೂತು, "ಲಡ್ಡು ಎದ್ದೇಳಲಿಲ್ಲ ಅಂದ್ರೆ ನಾನು ಕಿವಿ ಚುಚ್ಚಿಸ್ಕೊಳಲ್ಲ, ಊಟನೂ ಮಾಡಲ್ಲ" ಅಂದುಬಿಟ್ಟಳು. ನಾನು ಬಾಳೆಹಣ್ಣು ಹೂವು ತರಲು ಪೇಟೆಗೆ ಹೋದೆ.

ವಾಪಸು ಬಂದು ನೋಡುತ್ತೇನೆ, ಶಿವಮ್ಮನವರು ನಡುಮನೆಯಲ್ಲಿ ಕತ್ತರಿ ಹಿಡಿದು ಕೂತಿದ್ದಾರೆ. ಎದುರಿಗೆ ಕಂಬಳಿ. ಕಂಬಳಿಯ ಮಧ್ಯೆ, ಅಂಚಿನಲ್ಲೂ ಅಲ್ಲ, ನಟ್ಟನಡುವೆ, ಮೊರದಷ್ಟು ದೊಡ್ಡ ತೂತು.

"ಏನ್ ಮಾಡ್ಬುಟ್ರಿ ಬೀಗ್ರೆ!" ಅಂತ ಕೂಗಿದೆ.

"ಯಾಕಣ್ಣ ಕಿರುಚ್ತೀರಿ, ಮಗು ಬೆದ್ರತದ."

"ನಮ್ಮಪ್ಪನ ಕಂಬ್ಳಿ ಕಣ್ರಿ ಅದು! ಊರ ನ್ಯಾಯ್ಕ ಹಾಸ್ತಿದ್ದ ಕಂಬ್ಳಿ!"

"ಇವತ್ತು ಒಂದ್ ಜೀವ್ಕ ಹಾಸಿವ್ನಿ. ನಿಮ್ಮಪ್ಪ ಇದ್ದಿದ್ರ ಬ್ಯಾಡ ಅಂತಿದ್ರಾ?"

"ಕತ್ರಿಸ್ಲೇಬೇಕಿದ್ರ ಅಂಚ ಕತ್ರಿಸ್ಬಾರ್ದಾಗಿತ್ತ?"

"ಅಂಚು ಸವ್ದೋಗದ. ನಡೂನಲ್ಲೇ ಉಣ್ಣೆ ದಪ್ಪ ಇರದು."

ಬ್ಯಾಗು ತಗೊಂಡು ಬಸ್‌ಸ್ಟ್ಯಾಂಡಿಗೆ ಹೊರಟುಬಿಟ್ಟೆ. ಹನೂರು ಬಸ್ಸು ಬಂತು, ಹೋಯಿತು. ಹತ್ತಲಿಲ್ಲ. ನಾಳೆ ಮೊಮ್ಮಗಳ ಶಾಸ್ತ್ರ, ತಾತ ಇಲ್ಲ ಅಂದರೆ ಹೇಗೆ? ಇದ್ದರೆ ಆ ತೂತು ನೋಡಿಕೊಂಡು ಹೇಗಿರುವುದು? ಇನ್ನೊಂದು ಬಸ್ಸೂ ಹೋಯಿತು. ಆಗ ಮಗಳ ಫೋನು ಬಂತು. "ಅಪ್ಪ, ಲಡ್ಡು ಅಂಬಲಿ ಕುಡೀತು. ನಡುಕ ನಿಂತದ. ಪಾವನಿನೂ ಉಣ್ತಾವ್ಳ. ತಾತ ಎಲ್ಲಿ ಅಂತಾವ್ಳ."

ನಾನು ವಾಪಸು ಹೋದದ್ದು ಮೊಮ್ಮಗಳಿಗಾಗಿ. ಬೀಗಿತ್ತಿಯ ಮುಖವನ್ನೂ ನೋಡಲಿಲ್ಲ. ಅವರು ಮುದ್ದೆ ಇಟ್ಟರು, ಉಂಡೆ.

ಮಾರನೆಯ ದಿನ ಅದೇ ಕಂಬಳಿ ಹಾಸಿದೆವು. ತೂತಿನ ಮೇಲೆ ನನ್ನ ಮಗ, ಅಂದರೆ ಪಾವನಿಯ ಸೋದರಮಾವ, ಅಗಲವಾಗಿ ಪಂಚೆ ಹರಡಿಕೊಂಡು ಕೂತ. ತೊಡೆ ಮೇಲೆ ಮಗು. ಅಕ್ಕಸಾಲಿ ಆಚಾರಿ ಕಿವಿಗೆ ಕೈ ಹಾಕಿದಾಗ ಅವಳು ಒದ್ದಾಡಿ, ಅವನು ಸರಿದು, ತೂತು ಎಲ್ಲರಿಗೂ ಕಂಡಿತು.

"ಇದ್ಯಾಕ್ ಶಿವಮ್ಮ, ಕಂಬ್ಳಿ ಇಂಗಾಗದ?" ಅಂತ ಮಾಂಬಳ್ಳಿಯಿಂದ ಬಂದಿದ್ದ ಅವರ ಮೈದುನ ಕೇಳಿದರು.

"ಇಲಿ ಕಡ್ದದ."

"ಇಷ್ಟು ನೀಟಾಗ? ಕತ್ರಿ ಮಡಿಕಂಡಿದ್ದ ಇಲಿಯಾ?"

ಅಷ್ಟರಲ್ಲಿ ಪಾವನಿಯ ಅಳು ಕೇಳಿ ಒಳಗಿನಿಂದ ಲಡ್ಡು ಬಂತು. ಮೈಮೇಲೆ ಕರೀ ಕಂಬಳಿಯ ಅಂಗಿ, ಹೊಟ್ಟೆ ಕೆಳಗೆ ಗುಂಡಿ, ಕತ್ತಿಗೆ ಕೆಂಪು ಪಟ್ಟಿ. ಇನ್ನೂ ಕಾಲು ತೊಡರುತ್ತಿತ್ತು, ಆದರೂ ಬಂದು ಮಗುವಿನ ಪಾದ ನೆಕ್ಕಿತು. ಮಗು ಅಳು ನಿಲ್ಲಿಸಿತು. ಆಚಾರಿ ಆ ಹೊತ್ತು ನೋಡಿ ಇನ್ನೊಂದು ಕಿವಿಯನ್ನೂ ಮುಗಿಸಿದ. ನೆಂಟರೆಲ್ಲ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ನನಗೂ ನಗು ಬಂತು, ತಡೆದುಕೊಂಡೆ. ನಗುವುದನ್ನು ಅವರು ಕಂಡಿದ್ದರೆ ಆಯುಷ್ಯ ಪೂರ್ತಿ ಹೇಳಿಕೊಂಡು ತಿರುಗುತ್ತಿದ್ದರು.

ಶಿವರಾತ್ರಿ ಹೊತ್ತಿಗೆ ಲಡ್ಡುವಿಗೆ ಮೈತುಂಬ ಕೂದಲು ಬಂತು. ಆಗ ಒಂದು ದಿನ ನಾವಿಬ್ಬರೂ ಒಟ್ಟಿಗೇ ಬಸ್‌ಸ್ಟ್ಯಾಂಡಿಗೆ ಬಂದೆವು. ಅವರು ಯಳಂದೂರು ಕಡೆ, ನಾನು ಹನೂರು ಕಡೆ. ದಾರಿಯುದ್ದಕ್ಕೂ ನಾನು ಒಂದು ಮಾತು ಕೂಡಿಸಿಕೊಳ್ಳುತ್ತಿದ್ದೆ. ಎಲ್ಲಾ ನಾಯಿಗೂ ಅಂಗಿ ಬೇಡ, ಅದು ನನ್ನ ಮಾತು, ಅದನ್ನು ಬಿಡುವುದಿಲ್ಲ. ಆದರೆ ಆ ನಾಯಿಗೆ, ಆ ದಿನ, ಬೇಕಿತ್ತು. ನೀವು ಮಾಡಿದ್ದು ಸರಿ. ಇಷ್ಟು ಹೇಳಿಬಿಡೋಣ ಅಂತ ಗಂಟಲು ಸರಿಮಾಡಿಕೊಂಡೆ.

"ಬೀಗ್ರೆ..." ಅಂದೆ.

"ಅಣ್ಣಾ, ನಾನೂ ಅದ್ನೇ ಅನ್ಕತಿದ್ದಿ" ಅಂತ ಅವರು ನಡುವೆ ಬಾಯಿ ಹಾಕಿದರು. "ನಿಮ್ಮ ಹಸ ಗಬ್ಬ ಆಗದಲ್ಲ. ಕರ ಉಟ್ಟದು ಮುಂದ್ಲ ಚಳೀಲಿ. ಅದ್ಕೂ ಒಂದ್ ಅಂಗಿ ಒಲ್ದು ಕೊಡ್ತೀನಿ."

"ಎಮ್ಮ, ಕುರಿ, ಕೋಳಿ ಎಲ್ಲಾಕ್ಕೂ ಒಲ್ದ್ಬುಡಿ! ಒಂದ್ ಅಂಗ್ಡಿ ಇಡಿ!" ಅಂದವನೇ ಸಿಕ್ಕಿದ ಬಸ್ಸು ಹತ್ತಿದೆ. ಬಸ್ಸು ಹೊರಟ ಮೇಲೂ ಪಕ್ಕದಲ್ಲೇ ನಾಲ್ಕು ಹೆಜ್ಜೆ ಬಂದು ಅವರು ಕೂಗಿದರು. "ಕರ ಉಟ್ಟಿದ ಕೂಡ್ಲೇ ಅಳತ ಕಳ್ಸಣ್ಣ, ಮರೀಬ್ಯಾಡಿ! ಎದ ಸುತ್ತ ಒಂದು, ಬೆನ್ನುದ್ದ ಒಂದು!"

ಮಳೆಗಾಲದಲ್ಲಿ ಶಿವಮ್ಮನವರು ಹೋಗಿಬಿಟ್ಟರು. ಎದೆನೋವು ಅಂದರಂತೆ, ಯಳಂದೂರು ಆಸ್ಪತ್ರೆ ತಲುಪುವ ಮುಂಚೆಯೇ. ಅವರನ್ನು ಮಣ್ಣು ಮಾಡುವಾಗ ಪಾವನಿ ನನ್ನ ಕೈ ಬಿಗಿಯಾಗಿ ಹಿಡಿದಿದ್ದಳು. ನಾನು ಹೇಳಬೇಕಿದ್ದ ಮಾತು ಅಲ್ಲೂ ಬಾಯಿಗೆ ಬಂತು. ಹೇಳಿ ಏನು ಪ್ರಯೋಜನ? ಎದುರು ಮಾತಾಡದ ಶಿವಮ್ಮನವರಿಗೆ ಹೇಳುವುದೂ ಒಂದೇ, ಗೋಡೆಗೆ ಹೇಳುವುದೂ ಒಂದೇ.

ಈ ಚಳಿಗೆ ನಮ್ಮ ಹಸು ಕರು ಹಾಕಿತು. ಬಡಕಲು ಕರು, ಬೆಳಗಿನ ಜಾವದ ಮಂಜಿಗೆ ಕಾಲು ನಡುಗಿಸುತ್ತಾ ನಿಂತಿತ್ತು. ನೋಡಲಾಗದೆ ನಾನೇ ಒಂದು ಗೋಣಿಚೀಲ ಸೀಳಿ ಅದರ ಬೆನ್ನಿಗೆ ಹಾಕಿ ಹಗ್ಗ ಕಟ್ಟಿದೆ. ಎರಡು ಹೆಜ್ಜೆಗೆ ಚೀಲ ಜಾರಿ ಹೊಟ್ಟೆ ಕೆಳಗೆ ಬಂತು. ಬಿಗಿ ಮಾಡಿದರೆ ಉಸಿರು ಕಟ್ಟುತ್ತದೆ, ಸಡಿಲ ಬಿಟ್ಟರೆ ಜಾರುತ್ತದೆ. ಮತ್ತೆ ಕಟ್ಟಿದೆ, ಮತ್ತೆ ಜಾರಿತು. ಕರು ಅದನ್ನು ತುಳಿದು ಮುಗ್ಗರಿಸಿತು. ರೇಗಿ ರೇಗಿ ಕಣ್ಣಲ್ಲಿ ನೀರು ಬಂದುಬಿಟ್ಟಿತು.

"ಮುಂಗಾಲ್ ಮುಂದ್ಗಡ ಕಟ್ಬೇಕಾ, ಇಂದ್ಗಡ ಕಟ್ಬೇಕಾ? ಅದೊಂದ ಹೇಳ್ಬುಟ್ಟು ಹೋಗಕ್ಕಾಗ್ನಿಲ್ವ ಬೀಗ್ರೆ!"

ಒಳಗಿನಿಂದ ಹೆಂಡತಿ ಕೂಗಿದಳು. "ಒತ್ತಾರನೇ ಯಾರ ಬೈತಿದ್ದೀರಿ?"

"ಯಾರೂ ಇಲ್ಲ" ಅಂದು ಗಂಟು ಬಿಚ್ಚಿದೆ.