ಆ ನೀಲಿ

ಎಪ್ಪತ್ತರ ದಶಕದಲ್ಲಿ ಅಮೆರಿಕದ ವಾರೆನ್ ಊರಿನಲ್ಲಿ ನಮ್ಮ ಪಕ್ಕದ ಮನೆಯಲ್ಲಿದ್ದ ಮೈಸೂರಿನ ಆಂಟಿ, ಹತ್ತಿರದ ಡೆಟ್ರಾಯಿಟ್‌ನ ಹಳೆಯದೊಂದು ಕುಂಬಾರಿಕೆ ಸ್ಟುಡಿಯೊದಲ್ಲಿ ಹೂದಾನಿಗಳಿಗೆ ಬಣ್ಣ ಬಳಿಯುತ್ತಿದ್ದರು. ಸಂಜೆ ಕೆಲಸ ಮುಗಿಸಿ ಮನೆಗೆ ಬರಲು ನನ್ನ ಕಾರು ಹತ್ತಿದವರೇ ಶೂ ಕಳಚಿ, ಊದಿದ ಪಾದ ಒತ್ತಿಕೊಳ್ಳುತ್ತ, "ಇವತ್ತೂ ಆ ನೀಲಿ ಬರ್ಲಿಲ್ಲ ಕಣೇ" ಎನ್ನುತ್ತಿದ್ದರು. ಕೇಳಿ ಕೇಳಿ ನನಗೂ ಸಾಕಾಗಿತ್ತು.

ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಆ ಸ್ಟುಡಿಯೊ ಕಟ್ಟಿದ ಹೆಂಗಸು ಕಂಡುಹಿಡಿದ ನೀಲಿ ಅದು. ಬಣ್ಣದ ಗುಟ್ಟನ್ನು ಯಾರಿಗೂ ಹೇಳದೆ ಆಕೆ ತೀರಿಕೊಂಡಿದ್ದಳು. ಸುಟ್ಟ ಮೇಲೆಯೇ ನಿಜವಾದ ಬಣ್ಣ ಮೂಡುವುದರಿಂದ, ಅಂದಿನಿಂದ ಅಲ್ಲಿಯವರು ಮಡಕೆ ಸುಡುವ ಗೂಡನ್ನು ತೆರೆದಾಗಲೆಲ್ಲ ಅದನ್ನೇ ಹುಡುಕುತ್ತಿದ್ದರು.

ಒಂದು ಕಾರ್ತಿಕದಲ್ಲಿ ಆಂಟಿ ಮಿಕ್ಕ ಮಣ್ಣಿನಲ್ಲಿ ಹಣತೆಯೊಂದನ್ನು ಮಾಡಿ, ಬಕೆಟ್ಟುಗಳ ತಳದಲ್ಲಿದ್ದ ಬಣ್ಣವನ್ನೆಲ್ಲ ಬೆರೆಸಿ ಬಳಿದು, ಗೂಡಿನ ಮೂಲೆಯಲ್ಲಿಟ್ಟು ಸುಟ್ಟುಕೊಂಡರು. ಅದನ್ನು ಗೂಡಿನಿಂದ ತೆಗೆದ ದಿನ ಕಾರಿನಲ್ಲಿ ನೀಲಿಯ ಮಾತೇ ಇಲ್ಲ. "ನದಿ ಹತ್ರ ಸ್ವಲ್ಪ ನಿಲ್ಸು" ಎಂದರು. ಹಲಗೆಯ ಚೂರಿನ ಮೇಲೆ ಹಣತೆಯಿಟ್ಟು, ಹಚ್ಚಿ, ನೀರಿಗೆ ಬಿಟ್ಟು ಬಂದರು.

"ಯಾರಿಗೆ ಆಂಟಿ, ಆ ದೀಪ?"

"ಸ್ಟುಡಿಯೊ ಕಟ್ಟಿದ ಆ ಪುಣ್ಯಾತ್ಗಿತ್ತಿಗೆ. ಮಕ್ಕಳಿಲ್ಲ, ಮರಿಯಿಲ್ಲ, ಅವಳಿಗೆ ಯಾರು ದೀಪ ಬಿಡ್ತಾರೆ?"

ಶೂ ಕಳಚಿ ಪಾದ ಒತ್ತಿಕೊಂಡರು.

"ಹಣತೆಗೆ ಆ ನೀಲಿ ಬಂದಿತ್ತು ಕಣೇ."